ನಾಲ್ಕು ಮಂದಿಯ ಟೆಂಟು

ಹಿತ್ತಲಲ್ಲಿ ಟೆಂಟು ಎದ್ದು ನಿಂತಾಗ ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ಎಮ್ಮೆ ಚಂದ್ರಿಗೆ. ಕಿತ್ತಳೆ ಬಣ್ಣದ ಬಟ್ಟೆ ಗಾಳಿಗೆ ಪಟಪಟ ಅಂದಾಗಲೆಲ್ಲ ಅದು ಹಗ್ಗ ಜಗ್ಗಿ ಹಿಂದೆ ಸರಿಯುತ್ತಿತ್ತು. ಸುಭಾಸ ಮಾತ್ರ ಕುಸ್ತಿ ಗೆದ್ದವನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಕೇರಳದ ಥೀಮ್ ಪಾರ್ಕಿಗೆ ಹೋಗೋಣವೆಂದು ಹಟ ಹಿಡಿದವರು ಮಕ್ಕಳು. ತನ್ನ ಕ್ರೂಸರ್ ಗಾಡಿಯಲ್ಲೇ ಸಮುದ್ರದ ದಂಡೆಗುಂಟ ಹೋಗಿ, ಅಲ್ಲಲ್ಲಿ ಟೆಂಟು ಹೊಡೆದು ರಾತ್ರಿ ಕಳೆಯುವ ಹುರುಪು ಅವನದು.

"ಮೊದಲನೇ ವಸ್ತಿ ಅಂಕೋಲಾ, ಆಮ್ಯಾಲೆ ಮುರ್ಡೇಶ್ವರ, ಆಮ್ಯಾಲೆ ಮಲ್ಪೆ," ಎಂದು ಮೊಬೈಲಿನ ನಕಾಶೆಯ ಮೇಲೆ ಬೆರಳಾಡಿಸಿದ.

"ಹೊತ್ತು ಮುಳುಗೂದ್ರಾಗ ದಂಡಿ ಮುಟ್ಟಬೇಕ್ರಿ. ಕತ್ತಲದಾಗ ಗೂಟ ಹೆಂಗ ಹೊಡೀತೀರಿ? ಭರತಿ ಬಂದ್ರ ನೀರು ಎಲ್ಲಿ ತನಾ ಏರತೈತಿ ಅಂತ ಅಲ್ಲಿಯವರನ್ನ ಮೊದಲ ಕೇಳ್ರಿ. ಕುಡಿಯೂ ನೀರಿನ ಕ್ಯಾನ್ ಇಲ್ಲಿಂದನ ತುಂಬಿಸ್ಕೊಂಡು ಹೋಗೂನು," ಅಂದಳು ಹೆಂಡತಿ ನಾಗರತ್ನಾ. ಒಂದು ವಾರದಿಂದ ಅವಳ ತಲೆಯಲ್ಲಿ ಬೇರೆ ವಿಚಾರವೇ ಇರಲಿಲ್ಲ. ಖಡಕ್ ರೊಟ್ಟಿ ಬಡಿದು ಬುಟ್ಟಿ ತುಂಬಿಸಿದ್ದಳು, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿದ್ದಳು. ಎರಡನೇ ವಸ್ತಿಗೆ ಯಾವ ಪಲ್ಯ, ಮೂರನೇದಕ್ಕೆ ಯಾವುದು ಎಂಬುದೂ ಅವಳಿಗೆ ನಿಕ್ಕಿಯಾಗಿತ್ತು.

ಅಷ್ಟರಲ್ಲಿ ಮಗಳು ವಿದ್ಯಾಶ್ರೀ ಟೆಂಟಿನೊಳಗೆ ನುಗ್ಗಿ ಜಾಗ ಹಂಚತೊಡಗಿದಳು. "ಇಲ್ಲೆ ಅಪ್ಪ, ಇಲ್ಲೆ ಅಜ್ಜಿ, ನಡುವ ನಾನು, ನನ್ನ ಮಗ್ಗಲಕ ತಮ್ಮ." ಅಲ್ಲಿಗೆ ಟೆಂಟು ತುಂಬಿತು.

"ನಾ ಎಲ್ಲೆ ಮಲಗೂದು?" ಎಂದು ನಾಗರತ್ನಾ ಕೇಳಿದಳು.

ಸುಭಾಸ ಅವಳತ್ತ ನೋಡಿದ. ಆ ನೋಟದಲ್ಲಿ ಕೆಟ್ಟತನವೇನೂ ಇರಲಿಲ್ಲ, ಬರೀ ಆಶ್ಚರ್ಯವಿತ್ತು. "ನೀನೂ ಬಂದ್ರ ಚಂದ್ರಿನ್ನ ಯಾರು ಹಿಂಡಬೇಕು?"

ಮಾತು ಖರೆ. ಚಂದ್ರಿ ಅವಳನ್ನು ಬಿಟ್ಟು ಬೇರೆ ಯಾರು ಕುಳಿತರೂ ಹಾಲು ಇಳಿಸುತ್ತಿರಲಿಲ್ಲ. ಅದಕ್ಕಾಗಿಯೇ ಅವಳು ತವರಿನ ಮದುವೆಗಳಿಗೂ ಹೋಗಿ ಅಕ್ಕಿಕಾಳು ಹಾಕಿ, ಉಂಡ ಕೈ ಆರುವ ಮೊದಲೇ ಗಂಡನ ಊರು ಮಾಗಡಿಯ ಬಸ್ಸು ಹಿಡಿದವಳು. ಆದರೆ ಇವತ್ತು ಅವಳಿಗೆ ಸಿಟ್ಟು ಬಂತು. ಸಿಟ್ಟು ಎಮ್ಮೆಯ ಮೇಲಲ್ಲ. ರೊಟ್ಟಿ ಬಡಿಯುವಾಗ ಇದ್ದ ತನ್ನ ನೆನಪು ಟೆಂಟು ಕೊಳ್ಳುವಾಗ ಯಾರಿಗೂ ಬರಲಿಲ್ಲವಲ್ಲ ಎಂದು.

"ನಮ್ಮೂರ ಕೆರಿಗೆ ಹಕ್ಕಿ ಎಲ್ಲಿಂದೆಲ್ಲಿಂದಲೋ ಬಂದು ಹೋಗ್ತಾವ. ನಾ ಹುಬ್ಬಳ್ಳಿ ದಾಟಿಲ್ಲ," ಅಂದಳು. "ನಾನೂ ಬರ್ತೀನಿ. ಚಂದ್ರಿನ್ನ ಹನಮಂತ ಹಿಂಡ್ತಾನ."

ಹೊಲದ ಕೆಲಸಕ್ಕೆಂದು ಮನೆಯಲ್ಲೇ ಉಳಿಯಲಿದ್ದ ಮೈದುನ ಹನಮಂತನಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. "ವೈನಿ, ನಾ ಹತ್ರ ಹೋದ್ರ ಅದು ಝಾಡಿಸಿ ಒದೀತೈತಿ."

"ನಾ ಬಾಣಂತಿ ಇದ್ದಾಗ ಅತ್ತಿ ನನ್ನ ಸೀರಿ ಉಟ್ಕೊಂಡು ಹಿಂಡಿಲ್ಲೇನು? ಅದಕ್ಕ ಬೇಕಾದ್ದು ಸೀರಿ ವಾಸನಿ." ಅವಳು ಒಳಗೆ ಹೋಗಿ, ಮುಂಜಾನೆ ಬಿಚ್ಚಿಟ್ಟಿದ್ದ ಮಾಸಿದ ಸೀರೆ ತಂದು ಅವನ ಹೆಗಲಿಗೆ ಹಾಕಿದಳು.

ಹನಮಂತ ಕಟ್ಟೆಯ ಮೇಲೆ ಕುಳಿತಿದ್ದ ತಾಯಿ ಫಕ್ಕೀರವ್ವನ ಮುಖ ನೋಡಿದ. ಗಂಡಸಿಗೆ ಇದೆಲ್ಲ ಯಾಕೆ ಅನ್ನುತ್ತಾಳೆಂದು ಅವನ ಆಸೆ. ಫಕ್ಕೀರವ್ವ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸೆರಗು ಜಗ್ಗಿ ಮೀಸಿ ಮುಚ್ಕೋ ಲೇ. ಅದಕ್ಕ ವಾಸನಿ ಒಪ್ಪಿದ್ರೂ ಮಾರಿ ಒಪ್ಪಬೇಕಲ್ಲ," ಅಂದಳು.

ಸಂಜೆ ಹಿಂಡುವ ಹೊತ್ತಾಗಿತ್ತು, ಹನಮಂತ ಸೀರೆ ಸುತ್ತಿಕೊಂಡು ಬಕೆಟ್ಟು ಹಿಡಿದ. ನಾಗರತ್ನಾ ಕಣ್ಣಿಗೆ ಬಿದ್ದರೆ ಚಂದ್ರಿ ಬೇರೆಯವರಿಗೆ ಒಲಿಯುವುದಿಲ್ಲ. ಅವಳು ಟೆಂಟಿನೊಳಗೆ ಹೊಕ್ಕು, ಮಕ್ಕಳನ್ನು ಹೊರಗೆ ಕಳಿಸಿ, ಬಾಗಿಲಿನ ಬಟ್ಟೆ ಎಳೆದುಕೊಂಡಳು. ಕಿತ್ತಳೆ ಬೆಳಕಿನಲ್ಲಿ ಮೊಣಕಾಲು ತಬ್ಬಿ ಕುಳಿತಳು. ಹೊರಗೆ ಕರು ಬಿಟ್ಟ ಸಪ್ಪಳ, ಕೆಚ್ಚಲಿಗೆ ನೀರು ಸೋಕಿದ ಸಪ್ಪಳ. ಚಂದ್ರಿ ಒಮ್ಮೆ ಬುಸುಗುಟ್ಟಿತು. ಬಕೆಟ್ಟು ಉರುಳಿತು. "ಸಾಕು ಬಿಡೋ ತಮ್ಮಾ," ಅಂದ ಸುಭಾಸ. "ಇನ್ನೊಮ್ಮೆ ಕುಂಡ್ರು," ಅಂದಳು ಫಕ್ಕೀರವ್ವ. ನಾಗರತ್ನಾ ಟೆಂಟಿನ ಬಟ್ಟೆಗೆ ಕಿವಿ ಹಚ್ಚಿದಳು. ಈ ಹಾಲು ಇಳಿಯದಿದ್ದರೆ ಈ ಜನ್ಮದಲ್ಲಿ ಸಮುದ್ರವಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಬಕೆಟ್ಟಿನ ತಳಕ್ಕೆ ಚುರ್ ಎಂದು ಒಂದು ಧಾರೆ, ಅದರ ಬೆನ್ನಿಗೇ ಇನ್ನೊಂದು ಬಿತ್ತು. ವಿದ್ಯಾಶ್ರೀ ಬಾಯಿಗೆ ಕೈ ಅಡ್ಡ ಹಿಡಿದು ನಗುವುದು ಟೆಂಟಿನೊಳಗೂ ಕೇಳಿಸಿತು.

ಸುಭಾಸ ಬಂದು ಟೆಂಟಿನ ಎದುರು ಕುಕ್ಕರಗಾಲಲ್ಲಿ ಕುಳಿತ. "ಆತು. ಇದನ್ನ ಹೊಳ್ಳಿ ಕೊಟ್ಟು ದೊಡ್ಡದು ತರ್ತೀನಿ," ಅಂದ. ಹನಮಂತನ ಮೈಮೇಲಿನ ಸೀರೆಯತ್ತ ಹೊರಳಿ ನೋಡಿ ಕೇಳಿದ, "ಆದ್ರ ಸೀರಿ?"

"ದಿನಾ ಉಡೂ ಎರಡೂ ಸೀರಿ ಹನಮಂತಗ ಬಿಟ್ಟು ಬರ್ತೀನಿ. ಒಂದಕ್ಕ ಸಗಣಿ ಹತ್ತಿದ್ರ ಇನ್ನೊಂದು ಬೇಕಾಗತೈತಿ."

"ಮತ್ತ ನೀ ಏನು ಉಡ್ತೀ?"

"ಮದವಿ ಇಳಕಲ್ ಸೀರಿ."

ಕಟ್ಟೆಯಿಂದ ಫಕ್ಕೀರವ್ವನ ದನಿ ಬಂತು. "ಉಪ್ಪುನೀರಿಗೆ ರೇಶ್ಮಿ ಸೆರಗು ಕೆಡತೈತಿ ನಾಗರತ್ನಾ."

ನಾಗರತ್ನಾ ಟೆಂಟಿನ ನಟ್ಟನಡುವೆ ಕಾಲು ಚಾಚಿ ಮಲಗಿದಳು.

"ಕೆಡ್ಲಿ ಬಿಡ್ರಿ ಅತ್ತಿ. ಟ್ರಂಕಿನ್ಯಾಗ ಮಡಿಕಿಗುಂಟ ಹರಿಯೂದಕ್ಕಿಂತ ಸಮುದ್ರದಾಗ ತೊಯ್ದು ಕೆಡ್ಲಿ."