ಅಮ್ಮನ ಸೆರಗಿನ ಹುಳು

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನಾನು ಶಿಡ್ಲಘಟ್ಟದ ಅಂಚೆ ಕಚೇರಿಯಲ್ಲಿ ಅಮ್ಮನ ಪಕ್ಕ ನಿಂತಿರುತ್ತೇನೆ.

ಅಂದು ಮನೆಯ ರೇಷ್ಮೆಹುಳುಗಳೆಲ್ಲ ಹಣ್ಣಾಗಿ ಹಳದಿಗೆ ತಿರುಗಿದ್ದವು. ಗೂಡು ಕಟ್ಟಲು ಅವನ್ನು ಆರಿಸಿ ಬಿದಿರಿನ ಚಂದ್ರಂಕಿಗೆ ಬಿಡುವವರೆಗೆ ಯಾರೂ ಹೊಸ್ತಿಲು ದಾಟುವಂತಿರಲಿಲ್ಲ; ತಡವಾದರೆ ಅವು ಸಿಕ್ಕಲ್ಲೇ ನೂಲು ಬಿಟ್ಟು ಬೆಳೆಯೇ ಹಾಳಾಗುತ್ತಿತ್ತು. ಆದರೆ ತಾತ ಬೇಡ ಬೇಡವೆಂದು ದಿನ ತಳ್ಳಿದ್ದ ಅಕ್ಕನ ನರ್ಸಿಂಗ್ ಅರ್ಜಿ ಮರುದಿನವೇ ಮೈಸೂರು ಸೇರಬೇಕಿತ್ತು.

"ಇಂಥ ಹೊತ್ನಲ್ಲಿ ಹುಳ ಬಿಟ್ಟು ಹೋಗ್ತೀಯೇನಮ್ಮ?" ಎಂದು ತಾತ ಗುಡುಗಿದರು.

"ಹುಳ ಮುಂದಿನ ತಿಂಗಳೂ ಹಣ್ಣಾಗ್ತವೆ ಮಾವ. ಇವಳಿಗೆ ಈ ಸೀಟು ಮತ್ತೆ ಬರಲ್ಲ," ಎಂದ ಅಮ್ಮ ಕೈಯನ್ನೂ ತೊಳೆಯದೆ ನನ್ನನ್ನು ಎಳೆದುಕೊಂಡು ಹೊರಟಳು.

ಅಂಚೆ ಗುಮಾಸ್ತರು ತಲೆ ಎತ್ತಲಿಲ್ಲ. "ಟಪಾಲು ಚೀಲ ಕಟ್ಟಾಯ್ತಮ್ಮ. ನಾಳೆ ಬನ್ನಿ."

ಅಮ್ಮನ ಸೆರಗಿಗೆ ಒಂದು ಹುಳು ಅಂಟಿಕೊಂಡು ಬಂದಿತ್ತು. ಅವಳು ಅದನ್ನು ಮೆಲ್ಲಗೆ ಬಿಡಿಸಿ ಅವರ ಮುದ್ರೆಯ ಪಕ್ಕದಲ್ಲಿಟ್ಟಳು. ಅದು ತಲೆಯಾಡಿಸುತ್ತ ಅಲ್ಲೇ ನೂಲು ಬಿಡತೊಡಗಿತು.

"ಇಂಥವನ್ನ ಮನೆತುಂಬ ಬಿಟ್ಟು ಬಂದಿದೀನಿ ಸ್ವಾಮಿ. ಚೀಲ ಬಿಚ್ಚಿ."

ಗುಮಾಸ್ತರು ನಮ್ಮೂರ ಕಡೆಯವರೇ. ಹುಳುವನ್ನು ನೋಡಿದರು, ಅಮ್ಮನನ್ನು ನೋಡಿದರು, ಚೀಲದ ದಾರಕ್ಕೆ ಕೈ ಹಾಕಿದರು.