ದಿನಕ್ಕೊಂದು ಸಂದೇಶ

ಮಾರಾಟಕ್ಕಿದ್ದ ಆ ಆನ್‌ಲೈನ್ ವ್ಯವಹಾರ ಸರಳವಾಗಿತ್ತು. ದೂರದಲ್ಲಿರುವ ಮಕ್ಕಳ ಹೆಸರಿನಲ್ಲಿ ಅವರ ತಾಯಂದಿರಿಗೆ ದಿನವೂ ಮೊಬೈಲ್ ಸಂದೇಶ ಕಳಿಸುವುದು. ಕೊಳ್ಳುವ ಮೊದಲು ಅದರ ಮಾಲೀಕರ ಬಳಿ ಎಲ್ಲವನ್ನೂ ಎರಡೆರಡು ಸಲ ವಿಚಾರಿಸಿದೆ.

“ಗಿರಾಕಿಗಳು ಬಿಟ್ಟು ಹೋಗಲ್ವಾ?”

“ಒಬ್ರೂ ಹೋಗಿಲ್ಲ ಮೇಡಂ. ತಾಯಂದಿರಿಗೂ ಅನುಮಾನ ಬಂದಿಲ್ಲ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಅಂತ ಕೇಳಿದ್ರೆ ಸಾಕು, ಖುಷಿಯಾಗಿರ್ತಾರೆ.”

“ಗಿರಾಕಿಗಳ ಪಟ್ಟಿ ತೋರಿಸ್ತೀರಾ?”

“ನೀವು ಭಾರಿ ಹುಷಾರು ಬಿಡಿ,” ಎಂದು ನಗುತ್ತ ಅವರು ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದರು.

ನಾಲ್ಕನೆಯ ಸಾಲಿನಲ್ಲಿ, ಹಡಗಿನ ಕೆಲಸಕ್ಕೆ ಹೋಗಿರುವ ನನ್ನ ಅಣ್ಣನ ಹೆಸರಿತ್ತು. ಪಕ್ಕದಲ್ಲಿ ಅಮ್ಮನ ನಂಬರ್.

“ಇವರು ಯಾವಾಗಿಂದ?”

“ಎರಡು ವರ್ಷ ಆಯ್ತು. ಆಸ್ಪತ್ರೆಯಿಂದ ಫೋನ್ ಮಾಡಿ, ಹತ್ತು ವರ್ಷದ್ದು ಒಟ್ಟಿಗೇ ಕಟ್ಟಿದ್ರು. ‘ನಾನು ಹೋದ್ಮೇಲೂ ನಿಲ್ಲಿಸ್ಬೇಡಿ’ ಅಂದಿದ್ರು, ಪಾಪ.”