ಕಂದು ಬಂದರೆ ಉಸಿರು

ಕೊಲ್ಲಿಯ ಆಳದಿಂದ ತಂದ ನೀರಿಗೆ ಪ್ರಯೋಗಾಲಯದ ಹುಡುಗಿ ಎರಡು ದ್ರಾವಣ ಬಿಟ್ಟಳು. ಬಾಟಲಿಯೊಳಗೆ ಹಾಲು ಒಡೆದಂತೆ ಏನೋ ಬೆಳ್ಳಗೆ ಕಟ್ಟಿಕೊಂಡು ಮೆಲ್ಲಗೆ ತಳಕ್ಕಿಳಿಯಿತು. ಕಂದು ಬಂದರೆ ನೀರಿನಲ್ಲಿ ಆಮ್ಲಜನಕದ ಉಸಿರಿದೆ, ಬಿಳಿ ಬಂದರೆ ಇಲ್ಲ. ಅಜ್ಜಿಯ ಕಥೆಯ ರಾಕ್ಷಸನ ಪ್ರಾಣ ಗಿಳಿಯೊಳಗಿದ್ದ ಹಾಗೆ, ಅಷ್ಟು ದೊಡ್ಡ ಕೊಲ್ಲಿಯ ಪ್ರಾಣ ಈ ಗೇಣುದ್ದದ ಬಾಟಲಿಯಲ್ಲಿತ್ತು. ಗಿಳಿ ಸತ್ತಿತ್ತು.

"ಬಿಳಿ ಸಾರ್," ಎಂದಳು.

ಮುಖ್ಯಸ್ಥರು ಕನ್ನಡಕ ಏರಿಸಿದರು. ಆ ಕೊಲ್ಲಿಯಲ್ಲಿ ಬಲೆಯ ಗೂಡು ಕಟ್ಟಿ ಮೀನು ಸಾಕಲು ಹೊರಟವನು ಅವರ ಸ್ವಂತ ಅಳಿಯ. ಮಗಳ ಒಡವೆಯೆಲ್ಲ ಆಗಲೇ ಮೀನಿನ ಮರಿಗಳಾಗಿತ್ತು. ನೀರು ಚೆನ್ನಾಗಿದೆ ಎಂಬ ವರದಿಯೊಂದೇ ಬಾಕಿ.

"ಬಿಳಿ ಅಂದ್ರೆ ಪೂರ್ತಿ ಬಿಳೀನಾ?"

"ನಿಮ್ಮ ಅಂಗಿಗಿಂತ ಬಿಳಿ ಸಾರ್. ತಳದ ಕೆಸರೂ ಕರ್ರಗಿದೆ, ಕೊಳೆತ ಮೊಟ್ಟೆ ನಾತ. ಕೊಳಕಲ್ಲೇ ಬದುಕೋ ಒಂದು ಜಾತಿ ಹುಳ ಬಿಟ್ರೆ ಬೇರೇನೂ ಇಲ್ಲ."

"ಹುಳ ಇದೆ ತಾನೆ? ಜೀವ ಇದೆ ಅಂತಾಯ್ತು." ಅವರು ತೋಳು ಮಡಚುತ್ತ ಎದ್ದರು. "ಈಗಿನ ಮಕ್ಕಳಿಗೆ ಕೈಗುಣ ಇಲ್ಲಮ್ಮ. ಸರಿ ಆಚೆ."

ಮಿಕ್ಕ ನೀರನ್ನು ಒಂದು ಬಕೆಟ್‌ನಿಂದ ಇನ್ನೊಂದಕ್ಕೆ, ಬಿಸಿ ಹಾಲು ಆರಿಸುವವರ ಹಾಗೆ, ತಲೆಯೆತ್ತರದಿಂದ ಸುರಿದರು. ನೊರೆಯೆದ್ದಿತು. ಮತ್ತೆ ಎತ್ತಿದರು, ಮತ್ತೆ ಸುರಿದರು.

"ಗಾಳಿ ಸೇರುತ್ತೆ ಸಾರ್. ಒಂದು ಗುಳ್ಳೆಯೂ ಬರಬಾರದು ಅಂತ ನೀವೇ ಹೇಳಿಕೊಟ್ಟಿದ್ದು."

"ಅದು ಪಾಠ. ಇದು ಸಂಸಾರ."

ಈ ಸಲ ಬಾಟಲಿಯಲ್ಲಿ ಚಂದದ ಕಂದು ಬಂತು. "ನೋಡು, ಮಲಗಿದ ಮಗು ಥರ ಉಸಿರಾಡ್ತಿದೆ," ಎಂದು ಮುಖ್ಯಸ್ಥರು ಬೆವರೊರೆಸಿಕೊಂಡರು. ಸಂಜೆಯೊಳಗೆ ವರದಿ ಅಳಿಯನ ಕೈಸೇರಿತು.

ಮರಿಗಳು ಕೊಲ್ಲಿಗಿಳಿದ ಮರುದಿನ ಬೆಳಿಗ್ಗೆ ಮುಖ್ಯಸ್ಥರ ಫೋನು ಹೊಡೆದುಕೊಂಡಿತು. ಅಳಿಯನ ದನಿ ಮೇಜಿನಾಚೆ ನಿಂತ ಹುಡುಗಿಗೂ ಕೇಳಿಸುತ್ತಿತ್ತು.

"ಮಾವ, ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಿವೆ. ಆಗಲೇ ಅರ್ಧಕ್ಕರ್ಧ ಮೀನು ಹೊಟ್ಟೆ ಮೇಲಾಗಿ ತೇಲ್ತಿವೆ. ಇವಳು ದಡದಲ್ಲಿ ಕೂತು ಅಳ್ತಿದ್ದಾಳೆ. ನೀರು ಚೆನ್ನಾಗಿದೆ ಅಂದವರು ನೀವು, ಏನಾದ್ರೂ ಮಾಡಿ."

ಮುಖ್ಯಸ್ಥರ ಮುಖ ಮೊದಲ ಬಾಟಲಿಯ ಬಣ್ಣಕ್ಕೆ ತಿರುಗಿತು. ಫೋನನ್ನು ಅಂಗೈಯಿಂದ ಮುಚ್ಚಿ, "ಏನಮ್ಮ ಮಾಡೋದು ಈಗ?" ಎಂದರು.

ಅವಳು ಒಳಗೆ ಹೋಗಿ ಅವೇ ಎರಡು ಬಕೆಟ್ ತಂದು ಅವರ ಕಾಲಬಳಿ ಇಟ್ಟಳು.

"ಕೈಗುಣ ನಿಮ್ಮದೇ ಸಾರ್. ಕೊಲ್ಲಿ ಸ್ವಲ್ಪ ದೊಡ್ಡದು, ಅಷ್ಟೆ."